ವಾಟ್ಸ್‌ಆ್ಯಪ್ ಗುಂಪನ್ನು ಅಗಸಿಕಟ್ಟೆ ಅನ್ನಬೇಡಿ

ಸಂಪಾದಕರೇ,

ಸಾಮಾಜಿಕ ಜಾಲತಾಣದ ಬಗ್ಗೆ ಯಾರೇ ಬರೆಯಲಿ, ಒಂದು ಮಾತು ತಪ್ಪದೆ ಬರುತ್ತದೆ: ವಾಟ್ಸ್‌ಆ್ಯಪ್ ಎಂದರೆ ಈಗಿನ ಕಾಲದ ಅಗಸಿಕಟ್ಟೆ (ಊರ ಹೆಬ್ಬಾಗಿಲ ಬಳಿ ಮಂದಿ ಕೂರುವ ಕಟ್ಟೆ), ಅಲ್ಲಿ ಕುಂತು ಆಡುತ್ತಿದ್ದ ಹರಟೆಯನ್ನೇ ಮಂದಿ ಇಲ್ಲಿ ಆಡುತ್ತಾರೆ, ಅಷ್ಟೇ. ಕೇಳಲು ಚೆಂದ. ಸಮಾಜಶಾಸ್ತ್ರ ಕಲಿಸುವ ನಮಗೆ ಮಾತ್ರ ಈ ಹೋಲಿಕೆಯೇ ತೊಡಕು. ಇದು ಕಟ್ಟೆ ಎಂದು ನಂಬಿದವರು ಕಟ್ಟೆಯ ರೀತಿ ರಿವಾಜು ಇಲ್ಲೂ ನಡೆಯುತ್ತದೆ ಅಂದುಕೊಂಡು ಮಾತಾಡುತ್ತಾರೆ. ಆದರೆ ಕಟ್ಟೆಯನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದ ಕೆಲವು ಸಂಗತಿಗಳು ಗುಂಪಿನಲ್ಲಿ ಇಲ್ಲವೇ ಇಲ್ಲ. ಯಾವುದು ಇಲ್ಲ ಎಂದು ಗೊತ್ತಾದರೆ ಅದರಲ್ಲಿ ಅರ್ಧದಷ್ಟನ್ನಾದರೂ ನಾವೇ ಮತ್ತೆ ಕೂಡಿಸಬಹುದು. ಗೊತ್ತಾಗದಿದ್ದರೆ ಚರ್ಚೆ "ಮೊಬೈಲ್ ಬಂದು ಹುಡುಗರು ಕೆಟ್ಟರು" ಎಂಬಲ್ಲಿಗೆ ಬಂದು ಕೂರುತ್ತದೆ.

ಎಣಿಕೆಯಿಂದಲೇ ಶುರು ಮಾಡೋಣ. ಗುಂಪಿನ ಗಾತ್ರ ಬದಲಾದರೆ ಗುಂಪಿನ ಗುಣವೇ ಬದಲಾಗುತ್ತದೆ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1908ರಲ್ಲೇ ಬರೆದರು. ಇಬ್ಬರಿದ್ದಾಗ ಒಬ್ಬ ಎದ್ದರೆ ಕೂಟವೇ ಮುಗಿಯಿತು. ಮೂರನೆಯವನು ಬಂದರೆ ಪಕ್ಷ ಕಟ್ಟಲು, ಜಗಳ ಹಚ್ಚಲು, ನಡುವೆ ಬಂದು ಬಿಡಿಸಲು ದಾರಿಯಾಯಿತು. ಇದನ್ನು ನಮ್ಮ ಲೆಕ್ಕಕ್ಕೆ ತರುವುದು ಸುಲಭ: ಇರುವ ಮಂದಿಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿದರೆ, ಒಳಗೆ ಎಷ್ಟು ಜೋಡಿ ಸಂಬಂಧ ಸಾಧ್ಯ ಎಂದು ಸಿಗುತ್ತದೆ. ಕಟ್ಟೆಯ ಮೇಲೆ 12 ಮಂದಿ ಇದ್ದರೆ 66 ಜೋಡಿ. ಯಾರಿಗೆ ಯಾರ ಜೊತೆ ಮಾತಿಲ್ಲ, ಯಾರ ಮನೆಯಲ್ಲಿ ಮೊನ್ನೆ ಸಾವಾಗಿದೆ, ಯಾರ ಎದುರಿಗೆ ಹೊಲದ ವ್ಯಾಜ್ಯ ಎತ್ತಬಾರದು ಎಂಬುದೆಲ್ಲ ಅಲ್ಲಿದ್ದ ಪ್ರತಿಯೊಬ್ಬನ ತಲೆಯಲ್ಲೂ ಇರುತ್ತದೆ. 66ನ್ನು ನೆನಪಿಡಬಹುದು. ಇನ್ನು ಹುಬ್ಬಳ್ಳಿಯ ಒಂದು ಓಣಿಯ ಗುಂಪಿನಲ್ಲಿ 200 ಮಂದಿ ಇದ್ದಾರೆ ಅನ್ನಿ: 19,900 ಜೋಡಿ. ವಾಟ್ಸ್‌ಆ್ಯಪ್ 2016ರಲ್ಲಿ 256ಕ್ಕೆ ಇಟ್ಟಿದ್ದ ಮಿತಿಯನ್ನು 2022ರಲ್ಲಿ 1,024ಕ್ಕೆ ಏರಿಸಿತು. ತುಂಬಿದ ಗುಂಪಿನಲ್ಲಿ 5,23,776. ಇಷ್ಟು ಸಂಬಂಧಗಳ ಸೂಕ್ಷ್ಮವನ್ನು ಯಾವ ಹಿರಿಯನೂ ತಲೆಯಲ್ಲಿ ಇಟ್ಟುಕೊಳ್ಳಲಾರ. ಕಟ್ಟೆಯಲ್ಲಿ ಹದ ತಪ್ಪದೆ ಮಾತಾಡುತ್ತಿದ್ದ ಮನುಷ್ಯನೇ ಗುಂಪಿನಲ್ಲಿ ಎಡವಟ್ಟು ಮಾಡಿಕೊಂಡರೆ ಅವನ ಬುದ್ಧಿ ಕೆಟ್ಟಿತು ಅನ್ನಬೇಕಿಲ್ಲ. ಎದುರಿಗೆ ಯಾರಿದ್ದಾರೆ ಎಂಬುದೇ ಅವನಿಗೆ ಕಾಣುತ್ತಿಲ್ಲ.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಇಲ್ಲಿ ಉಪಯೋಗಕ್ಕೆ ಬರುತ್ತಾರೆ. ಸ್ಕಾಟ್ಲೆಂಡ್‌ನ ಶೆಟ್ಲೆಂಡ್ ದ್ವೀಪದ ಹೋಟೆಲೊಂದರಲ್ಲಿ ಅಡುಗೆಮನೆಯೊಳಗೆ ಒಂದು ನಡತೆ, ಗಿರಾಕಿಗಳ ಮುಂದೆ ಇನ್ನೊಂದು ನಡತೆ ಇರುವುದನ್ನು ನೋಡಿ, ದಿನನಿತ್ಯದ ಬದುಕಿಗೂ ರಂಗ ಮತ್ತು ಪರದೆಯ ಹಿಂದು ಎಂಬ ಎರಡು ಭಾಗ ಇವೆ ಎಂದು 1956ರಲ್ಲಿ ಬರೆದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬೆಳೆದ ಗದುಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರದೆಯ ಹಿಂದೆ ರಾವಣನೂ ರಾಮನೂ ಒಂದೇ ಬೀಡಿ ಹಂಚಿಕೊಂಡು ಸೇದುತ್ತಾರೆ. ಪ್ರೇಕ್ಷಕರು ಅದನ್ನು ನೋಡದಂತೆ ಪರದೆ ಕಾಯುತ್ತದೆ. ಖಾನಾವಳಿಯಲ್ಲೂ ಅಷ್ಟೇ, ಒಲೆ ಮುಂದಿನ ಮಾತು ತಾಟಿನ ತನಕ ಬರುವುದಿಲ್ಲ.

ಈಗ ವಾಟ್ಸ್‌ಆ್ಯಪ್ ಸ್ಟೇಟಸ್ ತೆಗೆದುಕೊಳ್ಳಿ. ಅದು ಕೈಯಲ್ಲಿ ಹಿಡಿದ ಫೋನ್, ಬಾಗಿಲು ಹಾಕಿದ ಕೋಣೆ, ರಾತ್ರಿ 11 ಗಂಟೆ. ಹಾಕುವವನಿಗೆ ತಾನು ಪರದೆಯ ಹಿಂದೆ ಇದ್ದೇನೆ ಅನ್ನಿಸುತ್ತದೆ. ಸೆಟ್ಟಿಂಗ್ ಮುಟ್ಟದಿದ್ದರೆ ಅದು ಪರಸ್ಪರ ನಂಬರ್ ಉಳಿಸಿಕೊಂಡ ಎಲ್ಲರಿಗೂ ಹೋಗುತ್ತದೆ: ಗೆಳೆಯರು, ಮಾವ, ಅಂಗಡಿ ಮಾಲೀಕ, ಗ್ಯಾಸ್ ತರುವವನು, ಬೇರೆ ಧರ್ಮದ ಸಹಪಾಠಿ. ಪ್ರತಿಯೊಬ್ಬರ ಮುಂದೆಯೂ ನಮಗೆ ಬೇರೆ ಬೇರೆ ಪಾತ್ರ ಇತ್ತು. ಈಗ ಎಲ್ಲರೂ ಒಂದೇ ಸಾಲಿನಲ್ಲಿ ಕುಂತಿದ್ದಾರೆ. ಜಾಲತಾಣಗಳ ಸಂಶೋಧಕರಾದ ಆಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ 2011ರಲ್ಲಿ ಇದನ್ನೇ ಸಂದರ್ಭಗಳ ಕುಸಿತ ಎಂದು ಕರೆದರು. ಸಂದರ್ಭಗಳ ಕಲಸುಮೇಲೋಗರ ಅಂದರೆ ನಮಗೆ ಬೇಗ ತಿಳಿದೀತು. 24 ತಾಸಿಗೆ ಅಳಿಯುತ್ತದೆ ಎಂಬ ಭರವಸೆಯೂ ಪೊಳ್ಳು, ಒಂದು ಸ್ಕ್ರೀನ್‌ಶಾಟ್ ಸಾಕು. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿಯಲ್ಲಿ ಕಲ್ಲು ಹಾರಿ ನಿಷೇಧಾಜ್ಞೆ ಬಿದ್ದದ್ದು ಮೊಬೈಲಿನ ಒಂದು ಪೋಸ್ಟ್ ಹಿಂದೆಯೇ ಎಂಬುದನ್ನು ಈ ಊರಿನವರಿಗೆ ನೆನಪಿಸಬೇಕಿಲ್ಲ. ಸ್ಟೇಟಸ್ ಪ್ರೈವೆಸಿಯಲ್ಲಿ ಮೂರು ಆಯ್ಕೆ ಇವೆ: ಎಲ್ಲ ಕಾಂಟ್ಯಾಕ್ಟ್‌ಗಳಿಗೆ, ಇಂಥವರನ್ನು ಬಿಟ್ಟು, ಇಂಥವರಿಗೆ ಮಾತ್ರ. ಮೂರನೆಯದರಲ್ಲಿ ಹೆಸರುಗಳನ್ನು ಒಂದೊಂದಾಗಿ ಗುರುತು ಹಾಕಬೇಕು, ಬೇಸರದ ಕೆಲಸ. ಆದರೆ ಆ ಗುರುತು ಹಾಕುವ ಎರಡು ನಿಮಿಷವೇ ಪರದೆ.

ಮೌನದ ವಿಷಯ ಇನ್ನೂ ಸೂಕ್ಷ್ಮ. ಕಟ್ಟೆಯಲ್ಲಿ ಒಪ್ಪಿಗೆಯಾಗದ ಮಾತು ಬಂದರೆ ಬಾಯಿ ಬಿಡದೆಯೂ ಹೇಳುವ ದಾರಿ ನೂರು: ಮುಖ ಆಚೆ ತಿರುಗಿಸುವುದು, ಎಲೆಅಡಿಕೆ ಚೀಲ ಬಿಚ್ಚುವುದು, ಟವೆಲ್ ಕೊಡವಿ ಎದ್ದು ಹೋಗುವುದು. ಹಿರಿಯನೊಬ್ಬ ಟವೆಲ್ ಕೊಡವಿ ಎದ್ದರೆ ಮಾತಾಡುತ್ತಿದ್ದವನ ದನಿ ತಾನೇ ಇಳಿಯುತ್ತಿತ್ತು. ಗುಂಪಿನಲ್ಲಿ 200 ಮಂದಿ ಓದಿ 195 ಮಂದಿ ಸುಮ್ಮನಿದ್ದರೆ, ಬರೆದ ಐವರಿಗೆ ಅದು ಒಪ್ಪಿಗೆಯಂತೆಯೇ ಕಾಣುತ್ತದೆ. ತಮ್ಮ ಅಭಿಪ್ರಾಯಕ್ಕೆ ಬೆಂಬಲವಿಲ್ಲ ಎಂದು ಅನ್ನಿಸಿದವರು ಸುಮ್ಮನಾಗುತ್ತಾರೆ, ಅವರು ಸುಮ್ಮನಾದಷ್ಟೂ ಎದುರು ಪಕ್ಷ ದೊಡ್ಡದಾಗಿ ಕಾಣುತ್ತದೆ, ಆಗ ಇನ್ನೊಂದಿಷ್ಟು ಮಂದಿ ಸುಮ್ಮನಾಗುತ್ತಾರೆ: ಎಲಿಜಬೆತ್ ನೋಯೆಲ್-ನಾಯ್ಮನ್ 1974ರಲ್ಲಿ ಇದಕ್ಕೆ ಮೌನದ ಸುರುಳಿ ಎಂದರು. ಗುಂಪು ಬಿಟ್ಟು ಹೋಗುವುದಾದರೂ ಮೊದಲು ಒಂದು ಮಾತಾಗಿತ್ತು, ಇಂಥವರು ಹೊರಹೋದರು ಎಂಬ ಸಾಲು ಎಲ್ಲರಿಗೂ ಕಾಣುತ್ತಿತ್ತು. 2022ರಿಂದ ಅದು ಅಡ್ಮಿನ್‌ಗಷ್ಟೇ ಕಾಣುತ್ತದೆ. ಮುಜುಗರ ತಪ್ಪಿತು ಎಂದು ಮಂದಿ ಖುಷಿಪಟ್ಟರು. ನಮ್ಮ ಲೆಕ್ಕದಲ್ಲಿ ಟವೆಲ್ ಕೊಡವುವ ಕೊನೆಯ ದಾರಿಯೂ ಮುಚ್ಚಿತು. ಗುಂಪಿನಲ್ಲಿ ಇದಕ್ಕೆ ಮದ್ದು ಉದ್ದನೆಯ ವಾದವಲ್ಲ. "ಇದು ಎಲ್ಲಿಂದ ಬಂತು?" ಎಂಬ ಒಂದೇ ಸಾಲು ಸಾಕು, ಅದನ್ನು ಮೂರು ಜನ ಬೇರೆ ಬೇರೆಯಾಗಿ ಕೇಳಬೇಕು. ಒಬ್ಬನೇ ಕೇಳಿದರೆ ಅವನ ಮೇಲೆ ಬೀಳುತ್ತಾರೆ, ಇಬ್ಬರು ಕೇಳಿದರೆ ಅವರಿಬ್ಬರೂ ಒಂದು ಕಡೆಯವರು ಅನ್ನುತ್ತಾರೆ. ಸಿಮ್ಮೆಲ್ ಹೇಳಿದ ಮೂರನೆಯವನ ಬೆಲೆ ಇಲ್ಲಿ ತಿಳಿಯುತ್ತದೆ.

ಈ ಭಾಗದವರಿಗೆಲ್ಲ ಪರಿಚಿತವಾದ ಒಂದು ಸಂಜೆಯನ್ನು ಹತ್ತಿರದಿಂದ ನೋಡೋಣ. ಜುಲೈ ತಿಂಗಳು, ಧಾರವಾಡದಲ್ಲಿ ಮಧ್ಯಾಹ್ನದಿಂದ ಬಿಡದ ಮಳೆ. ಸಂಜೆ 6ಕ್ಕೆ ಪಾಲಕರ ಗುಂಪಿನಲ್ಲಿ ಮೊದಲ ಪ್ರಶ್ನೆ: "ನಾಳೆ ಸಾಲಿ ಸೂಟಿ ಐತೇನ್ರಿ?" ಉತ್ತರ ಯಾರಿಗೂ ಗೊತ್ತಿಲ್ಲ. 7ಕ್ಕೆ ಯಾರೋ ಜಿಲ್ಲಾಧಿಕಾರಿಯ ಆದೇಶದ ಚಿತ್ರ ಹಾಕುತ್ತಾರೆ. ಮುದ್ರೆ ಇದೆ, ಸಹಿ ಇದೆ. ಮೇಲಿನ ಬಲಮೂಲೆಯ ದಿನಾಂಕ ಮಾತ್ರ ಕತ್ತರಿಯಲ್ಲಿ ಹೋಗಿದೆ. ಆದೇಶ ಖರೆ, ಹಿಂದಿನ ವರ್ಷದ್ದು. ಅರ್ಧ ತಾಸಿನಲ್ಲಿ ಅದೇ ಚಿತ್ರ ಓಣಿಯ ಗುಂಪಿಗೆ, ಕುಲಬಾಂಧವರ ಗುಂಪಿಗೆ, ಟ್ಯೂಷನ್ ಗುಂಪಿಗೆ, 2004ರ ಎಸ್ಸೆಸ್ಸೆಲ್ಸಿ ಬ್ಯಾಚಿನ ಗುಂಪಿಗೆ ಬಂದಿರುತ್ತದೆ. ನಾಲ್ಕು ಕಡೆ ನೋಡಿದ ತಾಯಿ "ಎಲ್ಲಾ ಕಡೆ ಬಂದದ, ಖರೆನ ಇರಬೇಕು" ಎಂದು ಸಮವಸ್ತ್ರ ಇಸ್ತ್ರಿ ಮಾಡುವುದನ್ನು ನಿಲ್ಲಿಸುತ್ತಾಳೆ.

ತಪ್ಪು ಆಗುವುದು ಈ ಜಾಗದಲ್ಲಿ. ನಾಲ್ಕು ಗುಂಪು ಎಂದರೆ ನಾಲ್ಕು ಸಾಕ್ಷಿ ಎಂದು ಆಕೆ ಎಣಿಸಿದಳು. ಕಟ್ಟೆಯ ಕಾಲದಲ್ಲಿ ಆ ಎಣಿಕೆ ಸರಿಯಿತ್ತು. ನಾಲ್ಕು ಓಣಿಯ ನಾಲ್ವರು ಬೇರೆ ಬೇರೆಯಾಗಿ ಹೇಳಿದ ಸುದ್ದಿಗೆ ತೂಕ ಇರುತ್ತಿತ್ತು. ಈಗ ನಾಲ್ಕೂ ಗುಂಪಿನಲ್ಲಿ ಇರುವವರು ಅರ್ಧಕ್ಕರ್ಧ ಅದೇ ಮಂದಿ, ಸುದ್ದಿಯ ಬೇರು ಒಂದೇ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ದುರ್ಬಲ ಬಂಧಗಳ ಬಲದ ಬಗ್ಗೆ ಬರೆದದ್ದು ಇದರ ಇನ್ನೊಂದು ಮಗ್ಗುಲು. ಬಾಸ್ಟನ್ ಹತ್ತಿರದ ಊರೊಂದರಲ್ಲಿ ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಅವರು ಕೇಳಿದರು: ಸುದ್ದಿ ಕೊಟ್ಟವರನ್ನು ಆಗ ಎಷ್ಟು ಸಲ ಕಾಣುತ್ತಿದ್ದಿರಿ? ಪದೇ ಪದೇ ಎಂದವರು ಶೇ 16.7, ಆಗೀಗ ಎಂದವರು ಶೇ 55.6, ಅಪರೂಪಕ್ಕೆ ಎಂದವರು ಶೇ 27.8. ಆಪ್ತರಿಗೆ ಗೊತ್ತಿರುವುದು ನಮಗೂ ಮೊದಲೇ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಅಷ್ಟಕ್ಕಷ್ಟೇ ಪರಿಚಯದವನಿಂದ, ಎರಡು ಬೇರೆ ಲೋಕಗಳ ನಡುವೆ ಸೇತುವೆಯಾಗಿ ನಿಂತವನಿಂದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಏನಾಯಿತು ಎಂದು ರೋಣದ ರೈತನಿಗೆ ಮೊದಲು ಮುಟ್ಟಿಸುವವನು ಅಂಥವನೇ. ಅದೇ ಸೇತುವೆಯ ಮೇಲೆ ಸುಳ್ಳೂ ದಾಟುತ್ತದೆ. ಸುಳ್ಳು ತಡೆಯಬೇಕೆಂದರೆ 200 ಮಂದಿಗೂ ಪಾಠ ಹೇಳುವುದು ದಂಡ. ಎರಡು ಮೂರು ಗುಂಪಿನಲ್ಲಿ ಕಾಲಿಟ್ಟ ನಾಲ್ಕೈದು ಮಂದಿ ಯಾರು ಎಂದು ಗುರುತಿಸಿ ಅವರಿಗೆ ಹೇಳಬೇಕು: ಆಟೊ ಸ್ಟ್ಯಾಂಡಿನ ಮುಖಂಡ, ಟ್ಯೂಷನ್ ಮೇಷ್ಟ್ರು, ಔಷಧ ಅಂಗಡಿಯವರು, ಆಶಾ ಕಾರ್ಯಕರ್ತೆ.

ವದಂತಿಯ ಬಗ್ಗೆ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೊ ಪೋಸ್ಟ್‌ಮನ್ 1947ರಲ್ಲಿ ಒಂದು ಸೂತ್ರ ಕೊಟ್ಟರು: ವದಂತಿಯ ಬಲ ಎಂದರೆ ವಿಷಯದ ಮಹತ್ವ ಗುಣಿಸು ಅದರ ಅಸ್ಪಷ್ಟತೆ. ಕೂಡಿಸು ಅಲ್ಲ, ಗುಣಿಸು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಮಳೆಗಾಲದ ರಜೆಯ ಮಹತ್ವವನ್ನು ಯಾರೂ ಸೊನ್ನೆ ಮಾಡಲಾರರು. ಅಸ್ಪಷ್ಟತೆಯನ್ನು ಮಾಡಬಹುದು. ರಜೆ ಇದ್ದರೂ ಇಲ್ಲದಿದ್ದರೂ ಸಂಜೆ 7ಕ್ಕೆ ಒಂದು ಸಾಲು ಬರುತ್ತದೆ ಎಂದು ಜಿಲ್ಲಾಡಳಿತ ಮಳೆಗಾಲದುದ್ದಕ್ಕೂ ಪಾಲಿಸಿದರೆ, 6ರಿಂದ 7ರ ತನಕದ ಒಂದು ತಾಸಿನ ತೂತು ಮುಚ್ಚುತ್ತದೆ. "ಇಂದು ಇಂಥ ತಾರೀಖು, ನಾಳೆ ಶಾಲೆ ಇದೆ" ಎಂಬ ಸಾಲೇ ಮುಖ್ಯ. ಈಗ ರಜೆ ಇದ್ದಾಗ ಮಾತ್ರ ಆದೇಶ, ಇಲ್ಲದಾಗ ಮೌನ. ಆ ಮೌನದಲ್ಲೇ ಹಳೆಯ ಚಿತ್ರ ಮರುಜನ್ಮ ಪಡೆಯುತ್ತದೆ. ಆದೇಶದ ರೂಪವೂ ಬದಲಾಗಬೇಕು. ಓರೆಯಾಗಿ ಫೋಟೊ ಹಿಡಿದ ಲೆಟರ್‌ಹೆಡ್‌ಗಿಂತ, ತಾರೀಖನ್ನೇ ಮೊದಲ ಪದವಾಗಿ ಹೇಳುವ 20 ಸೆಕೆಂಡಿನ ಧ್ವನಿ ಮುದ್ರಣವನ್ನು ಕತ್ತರಿಸುವುದು ಕಷ್ಟ.

ರಜೆಯ ಸುಳ್ಳಿನಿಂದ ಹೆಚ್ಚೆಂದರೆ ಒಂದು ದಿನದ ಹಾಜರಿ ಹೋಗುತ್ತದೆ. ಭಯದ ಸುಳ್ಳು ಜೀವ ತೆಗೆಯುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂದು ಶಂಕಿಸಿ ಮಂದಿ ಮುಗಿಬಿದ್ದಾಗ ಹೈದರಾಬಾದಿನಿಂದ ಬಂದಿದ್ದ ಒಬ್ಬರು ಸತ್ತರು. ಆ ದಿನಗಳಲ್ಲಿ ದೇಶದ ತುಂಬ ಹರಿದಾಡಿದ ಒಂದು ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ್ದು. ಜಾಗೃತಿಯ ಕೊನೆಯ ಸಾಲನ್ನು ಕತ್ತರಿಸಿ ಹಂಚಿದ್ದರು. ದಿನಾಂಕ ಕತ್ತರಿಸಿದ ಆದೇಶಕ್ಕೂ ಇದಕ್ಕೂ ಕೆಲಸದ ರೀತಿಯಲ್ಲಿ ವ್ಯತ್ಯಾಸವಿಲ್ಲ.

ಹೀಗಿದ್ದಾಗ "ಇದು ಸುಳ್ಳು" ಎಂಬ ಪ್ರಕಟಣೆ ಹೊರಡಿಸಿದರೂ ಮಂದಿ ಯಾಕೆ ತಣ್ಣಗಾಗುವುದಿಲ್ಲ? ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಹುಟ್ಟಿತು. 1934ರ ಜನವರಿ 15ರ ಬಿಹಾರ ಭೂಕಂಪದ ನಂತರ ಹಬ್ಬಿದ ವದಂತಿಗಳನ್ನು ಜಮುನಾ ಪ್ರಸಾದ್ ಸಂಗ್ರಹಿಸಿ ಮರುವರ್ಷ ಪ್ರಕಟಿಸಿದರು. ನೆಲ ನಡುಗಿದ್ದು ಅನುಭವಕ್ಕೆ ಬಂದರೂ ಮನೆ ಬೀಳದ ಊರುಗಳಲ್ಲಿ, ಇನ್ನೂ ದೊಡ್ಡ ಗಂಡಾಂತರ ಕಾದಿದೆ ಎಂಬ ಸುದ್ದಿಗಳೇ ಹಬ್ಬಿದ್ದವು. ಸಮಾಧಾನ ಹೇಳುವ ವದಂತಿ ಹುಟ್ಟಬೇಕಾದ ಕಡೆ ಹೆದರಿಸುವ ವದಂತಿ ಯಾಕೆ? ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಇದನ್ನು ಬಿಡಿಸಿದರು: ಭಯ ಮೊದಲೇ ಒಳಗೆ ಕುಂತಿತ್ತು, ಸುತ್ತಲೂ ಅದಕ್ಕೆ ಕಾರಣ ಕಾಣುತ್ತಿರಲಿಲ್ಲ, ವದಂತಿ ಆ ಕಾರಣವನ್ನು ಒದಗಿಸಿತು. ಆದ್ದರಿಂದ ಪೊಲೀಸರ ಪ್ರಕಟಣೆ ಸುಳ್ಳನ್ನು ಅಲ್ಲಗಳೆದು ನಿಂತರೆ ಭಯ ಇದ್ದಲ್ಲೇ ಇರುತ್ತದೆ, ಇನ್ನೊಂದು ಸುಳ್ಳನ್ನು ಹುಡುಕಿಕೊಳ್ಳುತ್ತದೆ. ಈ ಬೀಟಿನಲ್ಲಿ ರಾತ್ರಿ ಗಸ್ತು ಇಷ್ಟು ಹೊತ್ತಿಗೆ, ಅಪರಿಚಿತರ ಬಗ್ಗೆ ಅನುಮಾನ ಬಂದರೆ ಮುಟ್ಟಬೇಡಿ, 112ಕ್ಕೆ ಕರೆ ಮಾಡಿ ಎಂದು ಕೈಗೆ ಒಂದು ಕೆಲಸ ಕೊಡಬೇಕು.

ಫಾರ್ವರ್ಡ್ ಮಿತಿಯನ್ನು ಬಹಳ ಮಂದಿ ನೆಚ್ಚಿಕೊಂಡಿದ್ದಾರೆ. 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದು ಚಾಟ್ ಎಂದಾಯಿತು. ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದಕ್ಕೆ ಜೋಡಿ ಬಾಣದ ಗುರುತು, 2020ರ ಏಪ್ರಿಲ್‌ನಿಂದ ಅಂಥದ್ದು ಒಮ್ಮೆಗೆ ಒಂದೇ ಚಾಟ್‌ಗೆ. ಒಳ್ಳೆಯದೇ. ಆದರೆ ಬರಹವನ್ನು ಕಾಪಿ ಮಾಡಿ ಅಂಟಿಸಿದರೆ, ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ಬಾಣವೇ ಇರುವುದಿಲ್ಲ. ಹತ್ತು ಊರು ಸುತ್ತಿದ ಸುದ್ದಿ ಈಗಷ್ಟೇ ಹುಟ್ಟಿದಂತೆ ಕಾಣುತ್ತದೆ. ಜೋಡಿ ಬಾಣ ಇದ್ದರೆ ಅನುಮಾನಿಸಿ, ಸರಿ. ಬಾಣ ಇಲ್ಲ ಎಂದ ಮಾತ್ರಕ್ಕೆ ನಂಬಬೇಡಿ.

ರೀಲ್ಸ್ ಬಗ್ಗೆ ಎರಡೇ ಮಾತು. ಉತ್ತರ ಕರ್ನಾಟಕದ ಜಾನಪದ ಹಾಡಿಗೆ ಹೆಜ್ಜೆ ಹಾಕಿ ಹೆಸರು ಮಾಡಿದ ಒಬ್ಬನನ್ನು ನೋಡಿ ನೂರು ಹುಡುಗರು ಸಾಲ ಮಾಡಿ ಫೋನ್ ಕೊಳ್ಳುತ್ತಾರೆ. 2006ರಲ್ಲಿ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಪ್ರಕಟಿಸಿದ ಪ್ರಯೋಗವನ್ನು ಅವರಿಗೆ ಹೇಳಬೇಕು. 14,341 ಮಂದಿ, ಯಾರೂ ಕೇಳಿರದ 48 ಹಾಡು. ಕೆಲವರಿಗೆ ಬೇರೆಯವರು ಎಷ್ಟು ಸಲ ಇಳಿಸಿಕೊಂಡರೆಂಬ ಸಂಖ್ಯೆ ಕಾಣುತ್ತಿರಲಿಲ್ಲ. ಉಳಿದವರನ್ನು ಎಂಟು ಬೇರೆ ಲೋಕಗಳಾಗಿ ಹಂಚಿ ತಮ್ಮ ತಮ್ಮ ಲೋಕದ ಸಂಖ್ಯೆ ತೋರಿಸಿದರು. ಒಂದು ಲೋಕದಲ್ಲಿ ಗೆದ್ದ ಹಾಡು ಇನ್ನೊಂದರಲ್ಲಿ ನಡುಸಾಲಿನಲ್ಲಿತ್ತು. ತೀರ ಒಳ್ಳೆಯದು ಪೂರ್ತಿ ಬೀಳುವುದು, ತೀರ ಕೆಟ್ಟದ್ದು ಗೆಲ್ಲುವುದು ಅಪರೂಪ; ನಡುವಿನವುಗಳ ಹಣೆಬರಹ ಮೊದಲು ಬಿದ್ದ ನಾಲ್ಕು ಲೈಕ್‌ಗಳ ಮೇಲೆ. ಗೆಲ್ಲದ ಹುಡುಗ ತನ್ನನ್ನೇ ಹಳಿದುಕೊಳ್ಳಬೇಕಿಲ್ಲ, ಮುಂದಿನ ಫೋನಿಗೆ ಸಾಲವನ್ನೂ ಮಾಡಬೇಕಿಲ್ಲ.

ಕಾಲೇಜುಗಳಲ್ಲಿ ಇದನ್ನೆಲ್ಲ ಕೈಯಿಂದ ಮಾಡಿ ನೋಡಲು ಸಾಧ್ಯ. ಪಿಯು ಮತ್ತು ಪದವಿಯಲ್ಲಿ ಸಮಾಜಶಾಸ್ತ್ರದ ಪ್ರಾಜೆಕ್ಟ್ ಎಂದರೆ "ಸಾಮಾಜಿಕ ಜಾಲತಾಣದ ಒಳಿತು ಕೆಡುಕು" ಎಂಬ ಹತ್ತು ಪುಟದ ನಕಲು. ಅದರ ಬದಲು ಒಂದು ಗುಂಪು, ಏಳು ದಿನ, ಒಂದು ನೋಟ್‌ಬುಕ್. ಮೊದಲು ಗುಂಪಿನಲ್ಲೇ ಹೇಳಿ ಒಪ್ಪಿಗೆ ಪಡೆಯಬೇಕು. ಒಬ್ಬರು ಬೇಡ ಎಂದರೂ ಅವರ ಸಂದೇಶ ಬಿಡಬೇಕು. ಹೆಸರಿನ ಜಾಗದಲ್ಲಿ ಅಂಕಿ. ಪ್ರತಿ ಸಂದೇಶಕ್ಕೂ ನಾಲ್ಕು ಅಂಕಣ: ಎಷ್ಟನೆಯ ನಂಬರಿನವರು, ಎಷ್ಟು ಗಂಟೆಗೆ, ಸ್ವಂತದ್ದೋ ಫಾರ್ವರ್ಡೋ, ಯಾರಾದರೂ ಉತ್ತರಿಸಿದರೋ. ವಾರದ ಕೊನೆಗೆ ಎಷ್ಟು ಮಂದಿ ಬಾಯಿ ಬಿಟ್ಟರು, ಒಟ್ಟು ಸಂದೇಶದಲ್ಲಿ ಅರ್ಧವನ್ನು ಎಷ್ಟು ಜನ ಬರೆದರು ಎಂದು ತೆಗೆದರೆ ಸಾಕು.

ಕೆಡುವುದು ಎಲ್ಲಿ ಎಂದೂ ಹೇಳಬೇಕು. ವಿದ್ಯಾರ್ಥಿಗಳು ಎಕ್ಸ್‌ಪೋರ್ಟ್ ಚಾಟ್ ಒತ್ತಿ, ಬಂದ ಕಡತದಿಂದ ಎಣಿಸಿಬಿಡುತ್ತಾರೆ. ಮೀಡಿಯಾ ಬಿಟ್ಟು ಇಳಿಸಿದ ಆ ಕಡತದಲ್ಲಿ ಚಿತ್ರ, ಧ್ವನಿ ಇರುವುದಿಲ್ಲ, ಫಾರ್ವರ್ಡ್ ಬಾಣವೂ ಇರುವುದಿಲ್ಲ. ನಮ್ಮ ಗುಂಪುಗಳ ಜೀವಾಳ ಇರುವುದೇ ಅಲ್ಲಿ. ಹಾಗಾಗಿ ಫೋನಿನ ಪರದೆ ನೋಡಿಯೇ ಎಣಿಸಬೇಕು, ಅದೂ ಆಯಾ ದಿನವೇ. ಅಳಿಸಿ ಹೋದದ್ದು ಮರುದಿನ ಸಿಗುವುದಿಲ್ಲ. ಸುಪ್ರಭಾತದ ಹೂವಿನ ಚಿತ್ರಗಳನ್ನು ಬೇರೆ ಎಣಿಸಬೇಕು. ಅವನ್ನು ಕಸ ಎಂದು ತಳ್ಳುವುದು ಇನ್ನೊಂದು ತಪ್ಪು: ದಿನಾ ಹೂವು ಹಾಕುವ ನಿವೃತ್ತರು ಸುದ್ದಿ ಹೇಳುತ್ತಿಲ್ಲ, ತಾವಿನ್ನೂ ಇದ್ದೇವೆ ಎಂದು ಹೇಳುತ್ತಿದ್ದಾರೆ. ಎಣಿಸುತ್ತಿದ್ದಾರೆ ಎಂದು ಗೊತ್ತಾದಾಗ ಮೊದಲ ಎರಡು ದಿನ ಗುಂಪು ಬಹಳ ಸಭ್ಯವಾಗಿ ನಡೆದುಕೊಳ್ಳುತ್ತದೆ. ಆ ಎರಡು ದಿನದ ಲೆಕ್ಕವನ್ನು ಬೇರೆ ಇಡಿ.

ಐದನೆಯ ಅಂಕಣವೊಂದನ್ನು ಹಳ್ಳಿಯ ಗುಂಪುಗಳಿಗೆ ಸೇರಿಸಲೇಬೇಕು: ಅಡ್ಮಿನ್ ಯಾರು? ಸಮಾಜಶಾಸ್ತ್ರಜ್ಞ, ಮೈಸೂರಿನ ಎಂ.ಎನ್. ಶ್ರೀನಿವಾಸ್ ಪ್ರಬಲ ಜಾತಿ (ಊರಿನ ಮೇಲೆ ಹಿಡಿತವಿರುವ ಜಾತಿ) ಎಂಬ ಪರಿಕಲ್ಪನೆ ಕೊಟ್ಟಾಗ ತಲೆಯೆಣಿಕೆ, ಭೂಮಿ, ಶಿಕ್ಷಣ, ನೌಕರಿ ನೋಡಿದರು. ಈಗ ಅದರ ಜೊತೆಗೆ ಯಾರನ್ನು ಸೇರಿಸಬೇಕು, ಯಾರ ಸಂದೇಶ ಅಳಿಸಬೇಕು, ಗಲಾಟೆಯಾದಾಗ ಯಾವಾಗ ಅಡ್ಮಿನ್ ಮಾತ್ರ ಎಂದು ಬಾಯಿ ಮುಚ್ಚಿಸಬೇಕು ಎಂಬ ಅಧಿಕಾರ ಯಾವ ಓಣಿಯವರ ಕೈಯಲ್ಲಿದೆ ನೋಡಿ. ಊರಿನ ಹೆಸರಿಟ್ಟುಕೊಂಡ ಗುಂಪಿನಲ್ಲಿ ಊರಿನ ಒಂದು ಕೇರಿಯ ಒಬ್ಬರೂ ಇಲ್ಲದಿದ್ದರೆ ಅದು ಮೊದಲು ಬರೆದುಕೊಳ್ಳಬೇಕಾದ ಫಲಿತಾಂಶ. ಕಟ್ಟೆಯ ಮೇಲೆ ಯಾರು ಕೂರಬಹುದು, ಯಾರು ಕೆಳಗೆ ನಿಲ್ಲಬೇಕು ಎಂಬುದು ಕಟ್ಟೆಯಿಂದ ಗುಂಪಿಗೆ ಪೂರ್ತಿಯಾಗಿ ವರ್ಗವಾದ ಒಂದೇ ನಿಯಮವಿರಬಹುದು. ಕೇಸಿಗೆ ಹೆದರಿ ಅಡ್ಮಿನ್ ಆಗಲು ಒಲ್ಲೆ ಎನ್ನುವವರಿಗೆ ಒಂದು ಮಾಹಿತಿ: ಸದಸ್ಯ ಹಾಕಿದ ಪೋಸ್ಟ್‌ಗೆ ಅಡ್ಮಿನ್ ಎಂಬ ಕಾರಣಕ್ಕಷ್ಟೇ ಹೊಣೆ ಹೊರಿಸಲಾಗದು ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ.

ಕೊನೆಗೆ ಪತ್ರಿಕೆಗೇ ಒಂದು ಕೋರಿಕೆ. ನಿಮ್ಮ ಸುದ್ದಿಗಳೂ ಗುಂಪುಗಳಲ್ಲಿ ತುಣುಕಾಗಿ ಓಡಾಡುತ್ತವೆ, ಶೀರ್ಷಿಕೆ ಮತ್ತು ಎರಡು ಕಾಲಂ ಮಾತ್ರ. ತಾರೀಖು ಪುಟದ ನೆತ್ತಿಯಲ್ಲಿ ಇರುವುದರಿಂದ ತುಣುಕಿನ ಜೊತೆ ಅದು ಬರುವುದೇ ಇಲ್ಲ, ಮೂರು ವರ್ಷದ ಹಿಂದಿನ ಸುದ್ದಿ ಇವತ್ತಿನದಾಗಿ ಓಡುತ್ತದೆ. ಪ್ರತಿ ಸುದ್ದಿಯ ಮೊದಲ ಸಾಲಿನಲ್ಲಿ ಊರಿನ ಹೆಸರಿನ ಪಕ್ಕ ದಿನ, ತಿಂಗಳ ಜೊತೆ ವರ್ಷವನ್ನೂ ಅಚ್ಚು ಹಾಕಿ. ಆರು ಅಕ್ಷರದ ಜಾಗ ಹೋದೀತು.

— ಸಮಾಜಶಾಸ್ತ್ರ ಬೋಧಕರು, ಧಾರವಾಡ